ಊದಿದರೆ ತೋ, ಎಳೆದರೆ ಫು

ಸದಾಜಿಯ ತುತ್ತೂರಿಗೆ ಇದ್ದದ್ದು ಎರಡೇ ಸ್ವರ. ಊದಿದರೆ ‘ತೋ’, ಉಸಿರು ಒಳಕ್ಕೆ ಎಳೆದರೆ ‘ಫು’. ಗೇಣುದ್ದದ ಆ ಹಿತ್ತಾಳೆ ತುತ್ತೂರಿಯನ್ನು ಅವನ ಅಜ್ಜ ಊದಿದ್ದ, ಅಪ್ಪ ಊದಿದ್ದ, ಈಗ ಮೂವತ್ತೆಂಟು ವರ್ಷದಿಂದ ಅವನೇ ಊದುತ್ತಿದ್ದ. ಸುಮಿದಾ ನದಿಯಾಚೆಯ ಎನೊಕಿ ಬೀದಿಯಲ್ಲಿ ಮಧ್ಯಾಹ್ನ ಮೂರರ ಮೇಲೆ ‘ತೋ—ಫು’ ಎಂದು ಕೇಳಿತೆಂದರೆ ಸಾಕು, ಅವನು ಮಾರುವ ತೋಫು, ಅಂದರೆ ಸೋಯಾ ಹಾಲಿನ ಗಿಣ್ಣು, ಕೊಳ್ಳಲು ಹೆಂಗಸರು ಬೋಗುಣಿ ಹಿಡಿದು, ಗಂಡನ ಚಪ್ಪಲಿಯೋ ಮಗನ ಚಪ್ಪಲಿಯೋ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿಬರುತ್ತಿದ್ದರು. ಮೂರು ತಲೆಮಾರಿನ ಹೊಟ್ಟೆ ಹೊರೆದ ಎರಡು ಸ್ವರ ಅವು. ಅವನ್ನೂ ಒಬ್ಬರು ಎತ್ತಿ ಹಾಡಿಗೆ ಹಾಕಿಕೊಂಡಾರು ಎಂದು ಯಾರು ಎಣಿಸಿದ್ದರು?

ಹಾಕಿಕೊಂಡಿದ್ದರು. ‘ಓಶಿರೊಯ್ ಹನ್ನೆರಡು’ ಎಂಬ ಹುಡುಗಿಯರ ಗುಂಪಿನ ಹೊಸ ಹಾಡು ‘ಐದು ಗಂಟೆಯ ಓಣಿ’ ಹೋದ ಬುಧವಾರ ಅಂಗಡಿಗಳಿಗೆ ಬಂದಿತ್ತು. ಈ ಬುಧವಾರ ಬೆಳಗಾಗುವಷ್ಟರಲ್ಲಿ ಇಡೀ ಜಪಾನಿಗೆ ವಾರದ ಮೊದಲನೇ ಸ್ಥಾನ. ಆ ಹಾಡು ಶುರುವಾಗುವುದೇ ತೋಫು ಮಾರುವವನ ತುತ್ತೂರಿಯಿಂದ. ‘ತೋ—ಫು’, ಅದರ ಬಾಲಕ್ಕೆ ‘ಹ್ಞಾ’ ಎಂದು ಯಾರೋ ಉಸಿರು ಬಿಟ್ಟ ಸಣ್ಣ ಸದ್ದು, ಆಮೇಲೆ ಢಮಢಮ ಡ್ರಮ್ಮು, ಅದರ ಹಿಂದೆ ಹನ್ನೆರಡು ಹುಡುಗಿಯರು. ಆ ‘ಹ್ಞಾ’ ಮೇಲೆ ಜನಕ್ಕೆ ಹುಚ್ಚೇ ಹಿಡಿದುಹೋಗಿತ್ತು. ಟೀವಿಯಲ್ಲಿ ವಾರ್ತೆ ಓದುವಾತ ಕೂಡ ಹವಾಮಾನ ಹೇಳಿ ಮುಗಿಸಿ ‘ಹ್ಞಾ’ ಅನ್ನುತ್ತಿದ್ದ.

ಒಟ್ಟಿನಲ್ಲಿ ಎದ್ದರೆ ತೋ—ಫು, ಕೂತರೆ ತೋ—ಫು. ರೇಡಿಯೋ ಊದಿತು, ಜನರ ಜೇಬಿನ ಫೋನುಗಳು ಊದಿದವು, ನಿಲ್ದಾಣದೆದುರಿನ ಪಚಿಂಕೊ ಜೂಜಿನಂಗಡಿ ಬೆಳಗಿನಿಂದ ಬಾಗಿಲು ಹಾಕುವ ತನಕ ಊದಿತು. ಎನೊಕಿ ಬೀದಿಯ ಹೆಂಗಸರು ಮೊದಲೆರಡು ದಿನ ಪ್ರತಿ ಸದ್ದಿಗೂ ಬೋಗುಣಿ ಹಿಡಿದು ಹೊರಗೆ ಬಂದರು. ಬಂದು ನೋಡಿದರೆ ಬೀದಿ ಖಾಲಿ. ಮೂರನೇ ದಿನಕ್ಕೆ ಬರುವುದನ್ನೇ ಬಿಟ್ಟರು. ಈಗ ಸದಾಜಿ ನಿಜವಾಗಿ ಬಾಗಿಲ ಮುಂದೆ ನಿಂತು ಕೆನ್ನೆ ಉಬ್ಬಿಸಿ ಊದಿದರೂ ಒಳಗಿನಿಂದ ಯಾರಾದರೊಬ್ಬರು ‘ಹ್ಞಾ’ ಎಂದು ದನಿಗೂಡಿಸುತ್ತಿದ್ದರೇ ಹೊರತು ಕದ ತೆರೆಯುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ತಿಂಡಿಗೆ ಕೂತಾಗ ರೇಡಿಯೋದಲ್ಲಿ ಮತ್ತೆ ಅದೇ ಶುರುವಾಯಿತು. ಸದಾಜಿಯ ಹೆಂಡತಿ ತಮಯೋ ಥಟ್ಟನೆ ಎದ್ದು ಅದರ ಕಿವಿ ಹಿಂಡಿದಳು. ವಾರದಿಂದ ಹೀಗೇ, ಆ ಹಾಡು ಬಂದರೆ ಸಾಕು ಅವಳ ಕೈ ಗುಂಡಿಗೆ ಹೋಗುತ್ತಿತ್ತು. ಗಂಡನ ಸಂಕಟ ನೋಡಲಾರದೆ ಪಾಪ, ಎಂದುಕೊಂಡ ಸದಾಜಿಗೆ ಹೆಂಡತಿಯ ಮೇಲೆ ಕರುಳು ಕರಗಿತು.

“ನಿನ್ನೆಯೂ ಅರ್ಧಕ್ಕರ್ಧ ವಾಪಸ್ ಬಂತು ಕಣ್ರೀ,” ಎಂದಳು ತಮಯೋ. “ಐದು ದಿನದಿಂದ ನಾವೇ ತಿಂತಾ ಇದೀವಿ. ಸಾರಿಗೆ ತೋಫು, ಹುರಿದ ತೋಫು, ತೋಫು ಮೇಲೆ ತೋಫು. ಮೊನ್ನೆ ನನ್ನ ಕನಸೂ ಬೆಳ್ಳಗೆ ಚೌಕವಾಗಿ ಬಂತು.”

“ಇವತ್ತು ಹೋಗುತ್ತೆ ಬಿಡು.”

“ಸಂಜೆ ಆರಕ್ಕೆ ಸೂಪರ್ ಮಾರ್ಕೆಟ್ಟಿನ ಕುಸಾಕಾಬೆ ಅವರು ಫೋನ್ ಮಾಡ್ತಾರೆ. ನಮ್ಮ ತೋಫು ಪೂರ್ತಿ ಅವರೇ ತಗೋತಾರಂತೆ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೊಡ್ಬೇಕಂತೆ. ಇದು ಮೂರನೇ ಸಲ ಕೇಳ್ತಿರೋದು. ಹೂಂ ಅಂತೀರೋ, ಉಹೂಂ ಅಂತೀರೋ?”

ಸದಾಜಿ ಚಾಪ್‌ಸ್ಟಿಕ್ ಕೆಳಗಿಟ್ಟ. ಡಬ್ಬಿಗೆ ಹಾಕಿ ಕೊಡುವುದೆಂದರೆ ಗಾಡಿ ಇಲ್ಲ, ಬೀದಿ ಇಲ್ಲ, ‘ಇವತ್ತು ಗಟ್ಟಿಯದು ಕೊಡ್ಲಾ, ಮೆತ್ತಂದಾ?’ ಎಂದು ಕೇಳುವುದಿಲ್ಲ. ಅರವತ್ತೊಂದರ ಪ್ರಾಯದಲ್ಲಿ ಹಗಲೆಲ್ಲ ಒಳಗೆ ಕೂತು ಡಬ್ಬಿಯ ಮೇಲೆ ಕಾಗದ ಅಂಟಿಸುವುದು. ಅವನಿಗೆ ತೋಫು ಮಾಡುವುದು ಕಸುಬು, ಮಾರುವುದು ಸುಖ.

“ಇವತ್ತು ಅರವತ್ತು ಅಚ್ಚು ಹಾಕ್ಕೊಂಡು ಹೋಗ್ತೀನಿ,” ಎಂದ. “ತೊಟ್ಟಿ ಖಾಲಿಯಾಗಿ ಬಂದ್ರೆ ಉಹೂಂ. ಒಂದೇ ಒಂದು ಅಚ್ಚು ಉಳಿದು ಬಂದ್ರೂ ಹೂಂ. ಆಮೇಲೆ ಗಾಡಿ ಶೆಡ್ಡಿಗೆ, ತುತ್ತೂರಿ ಅಪ್ಪನ ಫೋಟೋ ಪಕ್ಕಕ್ಕೆ. ಮಾತು ಅಂದ್ರೆ ಮಾತು.”

“ನೋಡಿ ಮತ್ತೆ,” ಎಂದಳು ತಮಯೋ. ಟೀ ಒಂದು ಗುಟುಕು ಹೀರಿ, ಮದುವೆಯಾದಂದಿನಿಂದ ಮಾಡುವ ಹಾಗೆ ಗಂಟಲಲ್ಲೇ ಸಣ್ಣಗೆ ಸದ್ದು ಮಾಡಿ, ಬಟ್ಟಲು ಕೆಳಗಿಟ್ಟಳು. ಇನ್ನೇನೋ ಹೇಳಲು ಬಾಯಿ ತೆರೆದವಳು ತುತ್ತೂರಿಯ ಕಡೆ ನೋಡಿ ತಟ್ಟೆ ಎತ್ತಿಕೊಂಡು ಎದ್ದಳು.

ತುತ್ತೂರಿ ಮೊಳೆಗೆ ನೇತುಹಾಕಿತ್ತು. ಅದನ್ನು ಸದಾಜಿಯ ಹೊರತು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಬೇರೆ ಉಸಿರು ತಾಗಿದರೆ ಒಳಗಿನ ಹಿತ್ತಾಳೆ ನಾಲಗೆ ಕೆಡುತ್ತದೆ ಎಂದು ಅಪ್ಪ ಹೇಳಿ ಹೋಗಿದ್ದ. ಆ ಮನೆಯಲ್ಲಿ ಮೀರಬಾರದ ನಿಯಮಗಳು ಎರಡೇ: ತುತ್ತೂರಿ ಮುಟ್ಟಬಾರದು, ಮಧ್ಯಾಹ್ನ ಎಬ್ಬಿಸಬಾರದು. ಬೆಳಗಿನ ಜಾವ ಮೂರಕ್ಕೆ ಎದ್ದು ಸೋಯಾ ರುಬ್ಬುವವನು ಊಟದ ಮೇಲೆ ಎರಡು ತಾಸು ಮಲಗದಿದ್ದರೆ ಆಗುವುದಿಲ್ಲ. ಅವನು ಮಲಗಿದನೆಂದರೆ ಪಕ್ಕದ ಮನೆಯ ಬೆಕ್ಕು ಎದ್ದು ಆಚೆ ಬೀದಿಗೆ ಹೋಗುತ್ತಿತ್ತು. ಆ ಗೊರಕೆಗೆ ಗಾಜಿನ ಬಾಗಿಲು ಗುಂಯ್‌ಗುಟ್ಟುತ್ತಿತ್ತು.

ಆ ದಿನ ಸದಾಜಿ ನಿದ್ದೆಯನ್ನೂ ಬಿಟ್ಟ. ಎರಡೂವರೆಗೇ ನೀರಿನ ತೊಟ್ಟಿಗೆ ಅರವತ್ತು ಅಚ್ಚು ಇಳಿಬಿಟ್ಟು, ತಲೆಗೆ ಟವೆಲ್ ಬಿಗಿದು, ಗಾಡಿ ಎಳೆದುಕೊಂಡು ಹೊರಟ.

ಬೀದಿಯ ಮೂಲೆಯ ಮಹಡಿಯಲ್ಲಿ ಎಂಬತ್ತಮೂರರ ಕಿಕುನೊ ಅಜ್ಜಿ. ಅವನ ಅಪ್ಪನ ಕಾಲದಿಂದಲೂ ದಿನದ ಮೊದಲ ಬೋಣಿ ಅವಳದೇ. ಸದಾಜಿ ಅವಳ ಕಿಟಕಿಯ ಕೆಳಗೆ ನಿಂತು ಎದೆ ತುಂಬ ಉಸಿರು ತುಂಬಿಕೊಂಡು ಊದಿದ.

ತೋ—ಫು!

ಬಿದಿರಿನ ಪರದೆಯ ಹಿಂದಿನಿಂದ ದನಿ ಬಂತು. “ಯಾರ್ರೀ ಅದು ಟೀವಿ ಇಷ್ಟು ಜೋರಾಗಿ ಹಾಕಿರೋದು? ಕಮ್ಮಿ ಮಾಡ್ರಿ!”

“ಅಜ್ಜಿ, ನಾನು! ಸದಾಜಿ! ತೋಫು ತಂದಿದೀನಿ!”

“ಅಯ್ಯೋ ದೇವ್ರೇ, ಟೀವಿ ಈಗ ತಿರುಗಿ ಮಾತೂ ಆಡುತ್ತೆ! ಗುರುವಾರ ಬೋಗುಣಿ ಹಿಡ್ಕೊಂಡು ಮೆಟ್ಟಿಲಿಳಿದೆ, ರೇಡಿಯೋ. ಶುಕ್ರವಾರ ಇಳಿದೆ, ಯಾವನದೋ ಫೋನು. ಶನಿವಾರ ಇಳಿದೆ, ಹಿಗುರೆ ಅಂಗಡಿ ಸ್ಪೀಕರು. ನನ್ನ ಮೊಣಕಾಲು ಏನು ನಿಲ್ದಾಣದ ಲಿಫ್ಟಾ? ಇನ್ನು ಇಳಿಯಲ್ಲ. ನಾನು ಟೀವಿ ಜೊತೆ ಮಾತೂ ಆಡಲ್ಲ!”

ಪರದೆಯ ಹಿಂದೆ ಕಿಟಕಿ ಪಟ್ಟೆಂದು ಮುಚ್ಚಿತು. ಸದಾಜಿ ಬಿಸಿನೀರಿಗೆ ಬಿದ್ದ ಕಡಲಸೊಪ್ಪಿನ ಹಾಗೆ ಮೆತ್ತಗಾದ. ಮುಂದಿನ ಆರು ಮನೆಗಳ ಮುಂದೆ ಊದಿದ. ಎರಡು ಮನೆಯಿಂದ ‘ಹ್ಞಾ’ ಬಂತು. ಒಂದು ಮನೆಯೊಳಗೆ ಯಾರೋ ಡ್ರಮ್ಮಿನ ತಾಳವನ್ನು ಪಾತ್ರೆಯ ಮೇಲೆ ಬಾರಿಸಿದರು. ಬೋಗುಣಿ ಮಾತ್ರ ಒಂದೂ ಬರಲಿಲ್ಲ.

ಬೀದಿಯ ನಡುವೆ ಹಿಗುರೆಯ ಹಾಡಿನಂಗಡಿ. ಹೋದ ವಾರದ ತನಕ ಆ ಅಂಗಡಿಗೆ ಬರುತ್ತಿದ್ದವರೆಲ್ಲ ಹಳೆಯ ಕಾಲದ ಅಳುಹಾಡುಗಳ ಕ್ಯಾಸೆಟ್ ಕೇಳಿಕೊಂಡು ಬರುವ ಮುದುಕರು. ಬಂದವರು ಕೂತು, ಟೀ ಕುಡಿದು, ಕ್ಯಾಸೆಟ್ ಮರೆತು ಹೋಗುತ್ತಿದ್ದರು. ಈಗ ನೋಡಿದರೆ ಬಾಗಿಲ ತುಂಬ ಬಣ್ಣದ ಕಾಗದ, ಹನ್ನೆರಡು ಹುಡುಗಿಯರ ಆಳೆತ್ತರದ ಚಿತ್ರ, ಅವರ ನಡುವೆ ಹದಿಮೂರನೆಯವನ ಹಾಗೆ ಹಲ್ಲು ಕಿರಿಯುತ್ತ ನಿಂತ ಹಿಗುರೆ.

“ಬಾ ಬಾ ಸದಾಜಿ! ಕೇಳಿದ್ಯಾ? ಮೊದಲನೇ ಸ್ಥಾನ! ಎಣಿಕೆಗೆ ನಮ್ಮಂಗಡಿ ಲೆಕ್ಕಾನೂ ಹೋಗುತ್ತೆ ಕಣಯ್ಯ. ಆ ಲಕ್ಷಾಂತರದಲ್ಲಿ ಮೂವತ್ತೊಂದು ನಾನು ಮಾರಿದ್ದು!”

“ಸಂತೋಷ. ಆ ಸ್ಪೀಕರ್ ಸ್ವಲ್ಪ ಒಳಗಿಡ್ತೀಯಾ?”

“ಹೇಗಿಡ್ಲಿ? ಇನ್ನೂ ಎರಡು ವಾರ ಇದೆ. ಈ ಹಾಡಿಗೆ ಮೂರು ಮಾದರಿ. ಹಾಡು ಒಂದೇ, ಮುಖಪುಟ ಬೇರೆ, ಶುರುವಿನ ಸದ್ದು ಬೇರೆ. ಹೋದ ಬುಧವಾರ ‘ಎ’ ಬಂತು, ಬರೋ ಬುಧವಾರ ‘ಬಿ’, ಅದರಾಚೆ ಬುಧವಾರ ‘ಸಿ’. ಅಭಿಮಾನಿಗಳು ಮೂರೂ ಕೊಳ್ಳಲೇಬೇಕು. ಮೂರು ವಾರ ಮೊದಲನೇ ಸ್ಥಾನದಿಂದ ಯಾರೂ ಅಲ್ಲಾಡಿಸೋ ಹಾಗಿಲ್ಲ!”

“‘ಬಿ’ಯಲ್ಲಿ ಏನು ಸದ್ದು?”

“ಗುಟ್ಟು. ನನಗೂ ಗೊತ್ತಿಲ್ಲ. ಕೇಳಿಸೋಕೆ ಅಂತ ಒಂದು ಪ್ರತಿ ಇವತ್ತು ಸಂಜೆ ಬರುತ್ತೆ. ಆದ್ರೆ ನಿನ್ನ ‘ತೋ—ಫು’ ಮಾತ್ರ ಅಲ್ಲ, ಅಷ್ಟು ಗೊತ್ತು.” ಹಿಗುರೆ ದನಿ ತಗ್ಗಿಸಿದ. “ನಿಜ ಹೇಳು, ಅದು ನಿನ್ನ ತುತ್ತೂರೀನೇ ತಾನೆ? ಬೀದಿಯೆಲ್ಲ ಹಾಗೇ ಅಂತಿದೆ.”

“ಯಾರೂ ಬಂದು ಕೇಳಲಿಲ್ಲ, ನಾನು ಊದಲಿಲ್ಲ. ನನ್ನ ತುತ್ತೂರಿ ನನ್ನ ಬಾಯಿ ಬಿಟ್ಟು ಎಲ್ಲೂ ಹೋಗಲ್ಲ,” ಎಂದು ಸದಾಜಿ ಖಡಾಖಂಡಿತವಾಗಿ ಹೇಳಿದ.

ಅಷ್ಟರಲ್ಲಿ ಅಂಗಡಿಯೊಳಗಿನಿಂದ ಶಾಲೆಯ ಸಮವಸ್ತ್ರದ ಇಬ್ಬರು ಹುಡುಗಿಯರು ಹೊರಗೆ ಬಂದರು. ತುತ್ತೂರಿ ಕಂಡದ್ದೇ ತಡ, ಇಬ್ಬರೂ ಒಟ್ಟಿಗೆ ಕಿರುಚಿದರು. ಫೋನು ಮೇಲೆದ್ದವು.

“ತಾತ, ತಾತ! ಒಂದು ಸಲ ಊದಿ ತಾತ!”

ತಾತ ಎಂದದ್ದು ಸದಾಜಿಗೆ ಹಿಡಿಸಲಿಲ್ಲ. ಆದರೂ ಗಿರಾಕಿ ಗಿರಾಕಿಯೇ. ಬೆನ್ನು ನೆಟ್ಟಗೆ ಮಾಡಿ ಊದಿದ. ತೋ—ಫು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಉದ್ದ ಜಡೆಯವಳು, ಪಿಯಾನೋ ಕಲಿಯುವವಳಿರಬೇಕು, ತಲೆ ವಾರೆ ಮಾಡಿ ಹೇಳಿದಳು: “ಸ್ವರ ಏನೋ ಸರಿಯಾಗಿದೆ. ಆದ್ರೆ ‘ಹ್ಞಾ’ ಬರಲೇ ಇಲ್ಲ.”

“ತೋಫು ತುತ್ತೂರೀಲಿ ‘ಹ್ಞಾ’ ಬರಲ್ಲಮ್ಮ. ನಮ್ಮ ಅಜ್ಜನ ಕಾಲದಿಂದ ಬಂದಿಲ್ಲ.”

“ಹಾಡಲ್ಲಿ ಬರುತ್ತಲ್ಲ! ಇದು ಅಸಲಿ ಅಲ್ಲ ಬಿಡೇ,” ಎಂದಳು ಗಿಡ್ಡ ಕೂದಲಿನವಳು. “ತಾತ ಹಾಡು ಕೇಳಿ ಕಲ್ತಿರೋದು. ಬೇಜಾರು ಮಾಡ್ಕೋಬೇಡಿ ತಾತ, ನಿಮ್ಮ ವಯಸ್ಸಿಗೆ ತುಂಬ ಚೆನ್ನಾಗಿ ಊದ್ತೀರ.”

ಮೂವತ್ತೆಂಟು ವರ್ಷದ ಕಸುಬಿಗೆ ಸಿಕ್ಕ ಬಿರುದು ಇದು. ಸದಾಜಿ ರೋಷಕ್ಕೆ ಇನ್ನೊಮ್ಮೆ ಊದಿ, ಕೊನೆಗೆ ‘ಹ್ಞಾ’ ಸೇರಿಸಲು ಹೋಗಿ, ಉಸಿರು ತಪ್ಪಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಹುಡುಗಿಯರು ಅವನ ಬೆನ್ನು ತಟ್ಟಿದರು, ಗಾಡಿಯ ಪಕ್ಕ ನಿಂತು ಚಿತ್ರ ತೆಗೆದುಕೊಂಡರು, ಒಂದು ಅಚ್ಚು ತೋಫುವನ್ನು ಅಂಗೈ ಮೇಲೆ ಇಡಿಸಿಕೊಂಡು ಇನ್ನೊಂದು ಚಿತ್ರ ತೆಗೆದುಕೊಂಡರು, ಅದನ್ನು ಮೆಲ್ಲಗೆ ಮತ್ತೆ ತೊಟ್ಟಿಗೆ ಬಿಟ್ಟು, ಸೊಂಟ ಬಾಗಿಸಿ ವಂದಿಸಿ ಹೊರಟುಹೋದರು. ಅರವತ್ತು ಅರವತ್ತಾಗಿಯೇ ಉಳಿಯಿತು.

ಇದನ್ನೆಲ್ಲ ಎದುರು ಕ್ಷೌರದಂಗಡಿಯ ಓಮೊರಿ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಓಮೊರಿಗೆ ಗಿರಾಕಿಗಿಂತ ಸಲಹೆ ಹೆಚ್ಚು. ತಲೆಗೂದಲು ಉದುರಿದವರನ್ನೂ ಕೂರಿಸಿಕೊಂಡು ಬುದ್ಧಿ ಹೇಳಿ ಕಳಿಸುತ್ತಿದ್ದ.

“ಸದಾಜಿ, ಇಲ್ಲಿ ಬಾ. ಅದನ್ನ ಊದೋಕೆ ಅನುಮತಿ ತಗೊಂಡಿದ್ಯಾ?”

“ಯಾವುದಕ್ಕೆ ಅನುಮತಿ?”

“ಹಾಡಿಗೆ! ವ್ಯಾಪಾರದ ಜಾಗದಲ್ಲಿ ಬೇರೆಯವರ ಹಾಡು ಹಾಕಿದ್ರೆ ಅನುಮತಿ ಬೇಕಂತೆ ಕಣಪ್ಪ. ನನಗೆ ಕಾಗದ ಬಂದಿತ್ತು. ಅವತ್ತಿಂದ ನಾನು ಕತ್ತರಿ ಸದ್ದಲ್ಲೇ ಕ್ಷೌರ ಮಾಡ್ತಿದೀನಿ.”

“ಇದು ಹಾಡಲ್ಲ ಮಾರಾಯ, ತೋಫು!”

“ಹೋದ ವಾರದ ತನಕ ತೋಫು. ಈಗ ಮೊದಲನೇ ಸ್ಥಾನದ ಹಾಡಿನ ಮೊದಲನೇ ಎರಡು ಸ್ವರ.”

“ನಮ್ಮಪ್ಪ ಇದನ್ನೇ ಊದ್ತಿದ್ರು!”

“ನಿಮ್ಮಪ್ಪ ಮೊದಲನೇ ಸ್ಥಾನಕ್ಕೆ ಬಂದಿದ್ರಾ? ಇಲ್ಲ ತಾನೆ? ಮತ್ತೆ?”

ಗಡಿಯಾರ ನಾಲ್ಕು ಹೊಡೆಯಿತು. ಮೇ ತಿಂಗಳ ಬಿಸಿಲು ತೊಟ್ಟಿಯ ನೀರಿನಲ್ಲಿ ಫಳಫಳ ಹೊಳೆಯಿತು. ಅರವತ್ತು ಬಿಳಿ ಮುಖಗಳು ನೀರಿನಡಿಯಿಂದ ಸದಾಜಿಯನ್ನೇ ನೋಡುತ್ತಿದ್ದವು. ಆರು ಗಂಟೆಗೆ ಫೋನು. ಅವನು ಗಾಡಿಯ ಹಿಡಿಯ ಮೇಲೆ ಕುಸಿದು ಕೂತ.

ಓಮೊರಿಗೂ ಅಯ್ಯೋ ಎನಿಸಿತು. ಹಣಿಗೆಯಿಂದ ತನ್ನ ಗಲ್ಲ ಕೆರೆದುಕೊಂಡು ಯೋಚಿಸಿದ. “ಒಂದು ಕೆಲಸ ಮಾಡು. ತಿರುಗಿಸಿ ಊದು.”

“ತುತ್ತೂರಿ ತಿರುಗಿಸಿದ್ರೆ ಸದ್ದು ಬರಲ್ಲ.”

“ತುತ್ತೂರಿ ಅಲ್ಲವೋ, ಸ್ವರ! ಮೊದಲು ಊದಿ ಆಮೇಲೆ ಎಳೀತೀಯಲ್ಲ, ಈಗ ಮೊದಲು ಎಳಿ, ಆಮೇಲೆ ಊದು. ಹಾಡಿನ ಹಾಗೆ ಇರಲ್ಲ, ಅನುಮತೀನೂ ಬೇಡ, ಯಾರಿಗೂ ಟೀವಿ ಅನ್ನಿಸೋದೂ ಇಲ್ಲ. ಹೊಸ ಸದ್ದು, ಜನ ಬಂದೇ ಬರ್ತಾರೆ.”

ಮೂರು ತಲೆಮಾರಿನಲ್ಲಿ ಯಾರೂ ಮಾಡದ ಕೆಲಸ. ಸದಾಜಿಗೆ ಅಂಗಿಯ ಗುಂಡಿಯನ್ನು ಬೆನ್ನ ಮೇಲೆ ಹಾಕಿಕೊಂಡಷ್ಟು ಕಸಿವಿಸಿಯಾಯಿತು. ಆದರೂ ಮನಸ್ಸಿನಲ್ಲೇ ಅಪ್ಪನ ಕ್ಷಮೆ ಕೇಳಿ, ತುತ್ತೂರಿ ತುಟಿಗಿಟ್ಟು ಎಳೆದ, ಆಮೇಲೆ ಊದಿದ.

ಫು—ತೋ!

ಎದುರು ಸಾಲಿನಲ್ಲಿ ಒಂದು ಕಿಟಕಿ ತೆರೆಯಿತು. ಇನ್ನೊಂದು. ಮತ್ತೊಂದು. ತಲೆಗಳು ಇಣುಕಿದವು. “ಬಂದ್ರಾ? ಎಲ್ಲಿ?” ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದ್ದು ಸದಾಜಿಗೆ ಸ್ಪಷ್ಟವಾಗಿ ಕೇಳಿಸಿತು. ಅವನ ಎದೆ ಉಬ್ಬಿತು.

“ನೋಡಿದ್ಯಾ!” ಎಂದ ಓಮೊರಿ. “ನಾನು ಹೇಳಲಿಲ್ವಾ?”

ಫು—ತೋ! ಫು—ತೋ! ಸದಾಜಿ ಉತ್ಸಾಹದಿಂದ ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಹೊರಟ. ಬಾಗಿಲುಗಳು ತೆರೆದವು. ಹೆಂಗಸರು ಓಡಿಬಂದರು. ಮೊದಲು ಬಂದವಳು ದರ್ಜಿಯ ಹೆಂಡತಿ. ಅವಳ ಕೈಯಲ್ಲಿ ಬೋಗುಣಿ ಇರಲಿಲ್ಲ. ಅವಳ ತಲೆಯೇ ಕಾಣುತ್ತಿರಲಿಲ್ಲ. ಸುರುಳಿ ಸುತ್ತಿದ ದಪ್ಪನೆಯ ಹಾಸಿಗೆಯೊಂದು ಎರಡು ಕಾಲಿನ ಮೇಲೆ ಓಡಿಬಂದು ಗಾಡಿಯ ಮೇಲೆ ದಡಕ್ಕನೆ ಕೂತಿತು.

“ಸದ್ಯ ಬಂದ್ರಲ್ಲ! ಹತ್ತಿ ಗಂಟುಗಂಟಾಗಿದೆ, ತಗೊಂಡು ಹೋಗ್ಬಿಡಿ.”

“ಏನಮ್ಮ ಇದು?”

“ಫುತೋನ್! ಹಳೇ ಫುತೋನ್ ತಗೋತೀವಿ ಅಂತ ನೀವೇ ಊದ್ತಿದೀರಲ್ಲ, ಫುತೋ—, ಫುತೋ— ಅಂತ!” ಎನ್ನುತ್ತ ಅವಳು ಹಾಸಿಗೆಯ ಮರೆಯಿಂದ ತಲೆ ಹೊರಹಾಕಿದಳು. “ಅಯ್ಯೋ, ಸದಾಜಿ-ಸಾನ್! ನೀವಾ? ಯಾವಾಗಿಂದ ಹಾಸಿಗೆ ವ್ಯಾಪಾರ?”

ತೋಫುವನ್ನು ಹಿಂದುಮುಂದು ಮಾಡಿದರೆ ನೆಲಕ್ಕೆ ಹಾಸುವ ಹಾಸಿಗೆಯಾಗುತ್ತದೆಂದು ಯಾರಿಗೆ ಗೊತ್ತಿತ್ತು? ಅದೂ ಚಳಿಗಾಲದ ದಪ್ಪ ಹಾಸಿಗೆಗಳನ್ನು ಮಡಿಸಿ, ಯಾವುದನ್ನು ಇಡುವುದು ಯಾವುದನ್ನು ಎಸೆಯುವುದು ಎಂದು ಬೀದಿಯೆಲ್ಲ ತಲೆ ಕೆಡಿಸಿಕೊಂಡು ಕೂತಿರುವ ಮೇ ತಿಂಗಳು. ಎಸೆಯಬೇಕೆಂದರೆ ವಾರ್ಡಿನ ಕಚೇರಿಗೆ ಫೋನು ಮಾಡಿ, ಚೀಟಿ ತಂದು ಅಂಟಿಸಿ, ಅವರು ಹೇಳಿದ ದಿನದ ತನಕ ಕಾಯಬೇಕು. ಅಂಥದ್ದರಲ್ಲಿ ಹಾಸಿಗೆಯವನು ತುತ್ತೂರಿ ಊದಿಕೊಂಡು ತಾನಾಗಿಯೇ ಬಂದರೆ ಬಿಡುವವರುಂಟೆ?

“ಇಲ್ಲಮ್ಮ, ನಾನು ತೋಫು...” ಎನ್ನುವಷ್ಟರಲ್ಲಿ ಇನ್ನೆರಡು ಬಂದು ಬಿದ್ದವು. ಗಾಡಿಯ ಒಂದು ಚಕ್ರ ಕಿರ್ರೆಂದಿತು.

ಮೇಲಿನಿಂದ “ಫುತೋನಪ್ಪಾ! ಅಲ್ಲೇ ನಿಲ್ಲು, ನನ್ನದೂ ಇದೆ!” ಎಂಬ ಕೂಗು ಕೇಳಿ ಸದಾಜಿ ಕತ್ತೆತ್ತಿದ. ಕಿಕುನೊ ಅಜ್ಜಿಯ ಕಿಟಕಿ. ಬಿದಿರಿನ ಪರದೆ ಮೇಲೆ ಹೋಗಿತ್ತು. ಹೂಬಳ್ಳಿಯ ಕೆಂಪು ಹಾಸಿಗೆಯೊಂದು ಕಿಟಕಿಯಲ್ಲಿ ಅರ್ಧ ಜೋತಾಡಿ, ಯೋಚಿಸಿ, ಪೂರ್ತಿ ಜಾರಿತು. ಸದಾಜಿಗೆ ಪಕ್ಕಕ್ಕೆ ಸರಿಯಲು ಹೊತ್ತೇ ಸಿಗಲಿಲ್ಲ. ಕತ್ತಲೆ ಕವಿಯಿತು. ಮೂವತ್ತು ವರ್ಷದ ಕರ್ಪೂರದ ವಾಸನೆ ಮೂಗಿಗೆ ತುಂಬಿತು. ಹಾಸಿಗೆಯಡಿಯಿಂದ ಅವನು ತೆವಳಿಕೊಂಡು ಹೊರಗೆ ಬರುವಷ್ಟರಲ್ಲಿ ಅಜ್ಜಿ ಮೊಣಕಾಲು ಮರೆತು ಕೆಳಗಿಳಿದು ಬಂದು ನಿಂತಿದ್ದಳು.

“ಅಯ್ಯಯ್ಯೋ, ನಮ್ಮ ಸದಾಜಿ! ಏಟಾಯ್ತೇನೋ? ಒಂದು ವಾರ ಎಲ್ಲಿ ಹಾಳಾಗಿ ಹೋಗಿದ್ಯೋ? ತೋಫು ಇಲ್ಲದೆ ಬಾಯಿ ಕೆಟ್ಟುಹೋಗಿದೆ ನನಗೆ!”

“ಎಲ್ಲೂ ಹೋಗಿಲ್ಲ ಅಜ್ಜಿ, ದಿನಾ ಊದ್ತಾನೇ ಇದ್ದೆ!”

“ಊದಿದ್ದು ಟೀವಿ. ನೀನೆಲ್ಲಿ ಊದಿದೆ? ಇರಲಿ, ಈಗ ಹಾಸಿಗೆ ಜೊತೆಗೆ ತೋಫೂ ಇಟ್ಟಿದೀಯಾ?”

“ಇದೆ ಅಜ್ಜಿ, ಇದೆ!”

“ಹಾಸಿಗೆ ಬೀಳಿಸಿದ ತಪ್ಪಿಗೆ ಎರಡು ಹಾಕು. ಬೇಡ, ಮೂರು ಹಾಕು.”

ಅಲ್ಲಿಂದ ನೋಡಿ ಹೊಳೆ ಹರಿದ ಹಾಗೆ. ಅಜ್ಜಿ ಕೊಂಡದ್ದು ನೋಡಿ ದರ್ಜಿಯ ಹೆಂಡತಿಗೆ ಸಂಕೋಚವಾಯಿತು. ಪುಕ್ಕಟೆಗೆ ಹಾಸಿಗೆ ಸಾಗಹಾಕಿ ಒಂದು ಅಚ್ಚೂ ಕೊಳ್ಳದಿದ್ದರೆ ಹೇಗೆ? ಅವಳು ನಾಲ್ಕು ಕೊಂಡಳು. ಅವಳು ನಾಲ್ಕು ಕೊಂಡಳೆಂದು ಪಕ್ಕದವಳು ಐದು. ‘ಅಲ್ಲ, ನಾನು ಹಾಸಿಗೆಯವನಲ್ಲ’ ಎನ್ನುವುದನ್ನು ಸದಾಜಿ ಮೂರನೇ ಮನೆಗೇ ಬಿಟ್ಟುಬಿಟ್ಟ. ‘ಫು—ತೋ’ ಎಂದು ಎಳೆದು ಊದಿದ, ಹಾಸಿಗೆ ಇಳಿಸಿಕೊಂಡ, ಬೋಗುಣಿಗೆ ತೋಫು ಹಾಕಿದ. ಗಟ್ಟಿಯದಾ, ಮೆತ್ತಂದಾ? ನೀರು ಜಾಸ್ತಿ ಹಾಕ್ಲಾ? ಅತ್ತೆಗೆ ಈಗ ಹೇಗಿದೆ? ಒಂದು ವಾರದ ಮಾತು ಒಂದು ಗಂಟೆಯಲ್ಲಿ ಮುಗಿಯಬೇಕಿತ್ತು. ಹಾಸಿಗೆಯ ರಾಶಿ ಮೇಲೇರಿದಂತೆ ತೊಟ್ಟಿಯ ತಳ ಮೇಲೆ ಬಂತು.

ಐದೂ ಮುಕ್ಕಾಲಿಗೆ ನೀರಿನಲ್ಲಿ ಒಂದೇ ಒಂದು ಅಚ್ಚು ಉಳಿಯಿತು. ಬೀದಿಯಲ್ಲಿ ಕೊಳ್ಳದೆ ಉಳಿದವನು ಓಮೊರಿ ಒಬ್ಬನೇ.

“ನನಗೆ ತೋಫು ಅಂದ್ರೆ ಅಷ್ಟಕ್ಕಷ್ಟೆ,” ಎಂದ ಓಮೊರಿ.

“ಸಲಹೆ ಕೊಟ್ಟವನು ಫಲ ಉಣ್ಣಬೇಡವೇನಯ್ಯ?” ಎಂದು ಸದಾಜಿ ಅದನ್ನು ಅವನ ಕೈಯಲ್ಲಿದ್ದ ಕ್ಷೌರದ ಬಟ್ಟಲಿ‌ಗೇ ಹಾಕಿದ. ನೊರೆ ಮತ್ತು ತೋಫು ಒಂದೇ ಬಣ್ಣ. ಓಮೊರಿ ಬಗ್ಗಿ ನೋಡುತ್ತ ನಿಂತ.

ಒಂಬತ್ತು ಹಾಸಿಗೆ ಹೇರಿದ ಗಾಡಿ ತೇರಿನಷ್ಟು ಎತ್ತರವಾಗಿ ತೂಗಾಡುತ್ತ ಮನೆ ಬಾಗಿಲಿಗೆ ಬಂದಾಗ ಆರಕ್ಕೆ ಎರಡು ನಿಮಿಷ. ಸದಾಜಿ ಖಾಲಿ ತೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹೆಂಡತಿಗೆ ತೋರಿಸಿದ. ನೀರು ತೋಳಿನುದ್ದಕ್ಕೂ ಇಳಿಯಿತು.

“ಖಾಲಿ!”

“ಖಾಲಿ,” ಎಂದಳು ತಮಯೋ. ಅವಳ ಕಣ್ಣು ತೊಟ್ಟಿ ಬಿಟ್ಟು ಅದರ ಹಿಂದಿನ ಬೆಟ್ಟದ ಮೇಲೆ ನೆಟ್ಟಿತ್ತು. “ಅದೇನದು?”

“ಅದೊಂದು ಕತೆ. ಹಾಸಿಗೆ ಬಿಡು. ಹೊಸ ಸದ್ದು ಸಿಕ್ಕಿದೆ ಕಣೇ ನನಗೆ! ಹಾಡಿಗೆ ಹಾಡು ಇರಲಿ, ನನಗೆ ನನ್ನದು. ನಾಳೆ ಎಲ್ಲರಿಗೂ ಗೊತ್ತಾಗಿರುತ್ತೆ, ಹಾಸಿಗೆ ಬರಲ್ಲ, ಬರೀ ಬೋಗುಣಿ ಬರುತ್ತೆ.”

ಫೋನು ಹೊಡೆದುಕೊಂಡಿತು. ಸದಾಜಿ ಅಂಗಿಗೆ ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಎತ್ತಿದ. “ಕುಸಾಕಾಬೆ ಅವರೇ, ನಮಸ್ಕಾರ. ನಿಮ್ಮ ಡಬ್ಬಿ ನಮಗೆ ಬೇಡ. ಈಗಲ್ಲ, ಯಾವತ್ತೂ ಬೇಡ. ಹೌದು, ಕೊನೇ ಮಾತು. ಬೇರೆಯವರ ಹತ್ತಿರ ಮಾತಾಡ್ಕೊಳ್ಳಿ. ಸಂತೋಷ.” ಫೋನಿಟ್ಟು ಹೆಂಡತಿಯ ಕಡೆ ತಿರುಗಿದ. ಆ ಕ್ಷಣ ಅವನ ಮುಖ ನೋಡಬೇಕಿತ್ತು. ಮೊದಲನೇ ಸ್ಥಾನ ಎಂದರೆ ಅದೇ.

ತಮಯೋ ಟೀ ತಂದಿಟ್ಟಳು. ಉಪ್ಪಿನಕಾಯಿ ಮೂಲಂಗಿ ಇತ್ತು, ಅನ್ನ ಇತ್ತು. ತೋಫು ಒಂದು ಚೂರೂ ಇರಲಿಲ್ಲ. ಐದು ದಿನದ ಮೇಲೆ ಅದು ಹಬ್ಬದ ಊಟದ ಹಾಗೆ ಕಂಡಿತು. ಬಾಗಿಲಾಚೆ ಹಾಸಿಗೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಇಬ್ಬರೂ ಬಾಗಿಲ ಹೊಸ್ತಿಲಲ್ಲೇ ಕೂತರು.

ಅಷ್ಟರಲ್ಲಿ ಹಿಗುರೆ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಸಣ್ಣದೊಂದು ಹಾಡಿನ ಪೆಟ್ಟಿಗೆ.

“ಸದಾಜಿ! ‘ಬಿ’ ಮಾದರಿ ಬಂತು! ಬರೋ ಬುಧವಾರದಿಂದ ದೇಶಕ್ಕೆಲ್ಲ ಇದೇ. ಕೇಳಿಬಿಡು, ಬೀದಿಯಲ್ಲಿ ಮೊದಲು ನಿನಗೇ ಕೇಳಿಸ್ಬೇಕು ಅಂತ ಓಡಿ ಬಂದೆ!”

“ಹಾಕು ಹಾಕು,” ಎಂದ ಸದಾಜಿ ದೊಡ್ಡ ಮನಸ್ಸಿನಿಂದ. “ಇನ್ನು ನನಗೇನು ಭಯ?”

ತಮಯೋ ಎದ್ದು ಒಳಗೆ ಹೋಗಲು ನೋಡಿದಳು. ಹಿಗುರೆ ಗುಂಡಿ ಒತ್ತಿಬಿಟ್ಟ.

ಫು—ತೋ. ಹ್ಞಾ. ಢಮಢಮ.

ಸದಾಜಿಯ ಕೈಯಲ್ಲಿದ್ದ ಮೂಲಂಗಿ ಕೆಳಗೆ ಬಿತ್ತು. ಹಿಗುರೆ ಮತ್ತೆ ಹಾಕಿದ. ಫು—ತೋ. ಹ್ಞಾ.

“ಅದ್ಭುತ ಅಲ್ವಾ? ಅದೇ ತುತ್ತೂರಿ, ಉಲ್ಟಾ! ಏನು ತಲೆ ಅಂತೀನಿ!” ಎಂದ ಹಿಗುರೆ ಗೆಳೆಯನ ಮುಖ ನೋಡಿದ. ನೋಡಿ, ಪೆಟ್ಟಿಗೆ ಎತ್ತಿಕೊಂಡು, ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಗೊಣಗಿ ಮೆಲ್ಲಗೆ ಜಾರಿಕೊಂಡ.

ಹೊಸ್ತಿಲಲ್ಲಿ ಇಬ್ಬರೇ ಉಳಿದರು. ತಮಯೋಗೆ ಏನು ಮಾಡಬೇಕೋ ತೋಚಲಿಲ್ಲ. ಏನೂ ತೋಚದಾಗ ಮನುಷ್ಯರು ಮಾಡುವಂತೆ ಟೀ ಬಟ್ಟಲು ಎತ್ತಿ ಒಂದು ಗುಟುಕು ಹೀರಿದಳು. ಹೀರಿ, ಅಭ್ಯಾಸ ಬಲದಿಂದ,

“ಹ್ಞಾ,” ಎಂದಳು.

ಸದಾಜಿ ನಿಧಾನವಾಗಿ ತಿರುಗಿದ. ಮೂವತ್ತೈದು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ ಸದ್ದು. ಇಡೀ ದೇಶ ಹುಚ್ಚು ಹಿಡಿಸಿಕೊಂಡ ಸದ್ದು.

“ನೀನು,” ಎಂದ.

“ಮಾರ್ಚಿ ತಿಂಗಳಲ್ಲಿ ಒಬ್ಬ ಹೆಂಗಸು ಬಂದಿದ್ಳು ಕಣ್ರೀ,” ಎಂದಳು ತಮಯೋ ಬಟ್ಟಲಿನೊಳಗೆ ನೋಡುತ್ತ. “ಕಿವಿಗೆ ದೊಡ್ಡ ಮುಚ್ಚಳ, ಕೈಯಲ್ಲಿ ಬೆಕ್ಕಿನ ಬಾಲದ ಹಾಗಿರೋ ಮೈಕು. ತುತ್ತೂರಿ ಸದ್ದು ಬೇಕು ಅಂದ್ಳು. ಮಧ್ಯಾಹ್ನ, ನೀವು ಮಲಗಿದ್ರಿ, ಎಬ್ಬಿಸೋ ಹಾಗಿಲ್ಲ. ಮೂವತ್ತೈದು ವರ್ಷದಿಂದ ನೋಡ್ತಿದೀನಲ್ಲ, ಒಂದು ಸಲ ಊದಿ ನೋಡೋಣ ಅಂತ ಆಸೆ ಆಯ್ತು. ಮೊದಲನೇ ಸಲ ಊದೋ ಬದಲು ಎಳೆದುಬಿಟ್ಟೆ. ತಪ್ಪಾಯ್ತು, ಇನ್ನೊಂದು ಸಲ ಅಂದೆ. ಎರಡೂ ಚೆನ್ನಾಗಿದೆ, ಎರಡೂ ಇರಲಿ ಅಂದ್ಳು ಆಯಮ್ಮ. ಹಾಡು ಮೊದಲನೇ ಸ್ಥಾನಕ್ಕೆ ಹೋಗುತ್ತೆ ಅಂತ ನನಗೇನು ಗೊತ್ತು? ರೇಡಿಯೋದಲ್ಲಿ ನನ್ನ ಉಸಿರು ನಾನೇ ಕೇಳಿದಾಗಿನಿಂದ ಗುಂಡಿ ತಿರುಗಿಸ್ತಾನೇ ಇದೀನಿ.”

ಸದಾಜಿ ತುತ್ತೂರಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಒಂಬತ್ತು ಹಾಸಿಗೆಯನ್ನು ನೋಡಿದ, ಈಗಷ್ಟೇ ಇಟ್ಟ ಫೋನನ್ನು ನೋಡಿದ. ಸಿಟ್ಟು ಬರಬೇಕೆಂದು ಸ್ವಲ್ಪ ಹೊತ್ತು ಕಾದ. ಅದೇಕೋ ಬರಲಿಲ್ಲ.

“ತುತ್ತೂರಿ ನಾಲಗೆ ಕೆಟ್ಟಿಲ್ಲ,” ಎಂದ ಕೊನೆಗೆ. “ಚೆನ್ನಾಗೇ ಊದಿದೀಯ. ನನಗಿಂತ ಉಸಿರು ಉದ್ದ ಇದೆ.”

“ಹೌದೇನ್ರೀ?” ಎಂದಳು ತಮಯೋ, ಕೆನ್ನೆ ಕೆಂಪಾಗಿ.

“ಹೋಗ್ಲಿ ಬಿಡು. ತೋ—ಫು ಹೋಯ್ತು, ಫು—ತೋ ಹೋಯ್ತು. ಇರೋ ಸ್ವರಾನೇ ಎರಡು, ಇನ್ನು ಕದಿಯೋಕೆ ನಮ್ಮನೇಲಿ ಬೇರೇನೂ ಇಲ್ಲ.” ಸದಾಜಿ ಮೂಲಂಗಿ ಎತ್ತಿ ಬಾಯಿಗಿಟ್ಟವನು ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿದ. “ಲೇ, ಮೂರು ಮಾದರಿ ಅಂದಿದ್ನಲ್ಲ ಹಿಗುರೆ. ‘ಸಿ’ಯಲ್ಲಿ ಏನಿರುತ್ತೆ?”

ತಮಯೋ ಟೀ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

“ಆಯಮ್ಮ ಹೊರಡೋಕೆ ಎದ್ದಿದ್ಳು ಕಣ್ರೀ. ಬಾಗಿಲ ಹತ್ತಿರ ನಿಂತು ಕಿವಿ ಕೊಟ್ಟು, ‘ಒಳಗಡೆ ಅದೇನು ಸದ್ದು? ಎಷ್ಟು ಚೆನ್ನಾಗಿದೆ!’ ಅಂತ ಮೈಕು ಹಿಡ್ಕೊಂಡು ನಿಮ್ಮ ಕೋಣೆ ಬಾಗಿಲಲ್ಲಿ ಹತ್ತು ನಿಮಿಷ ಕೂತಿದ್ಳು.”

ಒಂಬತ್ತು ಹಾಸಿಗೆ ಮನೆಗೆ ಬಂದ ದಿನವೇ ಸದಾಜಿಗೆ ಮಲಗಲು ಹೆದರಿಕೆಯಾಯಿತು.